ಆ ಹಳೇ ಎಂಜಿನ್ ಇನ್ನೆಷ್ಟು ವರ್ಷ ಓಡುತ್ತಿತ್ತು?

ಕೊಯ್ಲು ಮುಗಿದು ಕಣ ಖಾಲಿಯಾಗುವ ಹೊತ್ತಿಗೆ, ತೋಟಗಳ ಇಂಗಾಲದ ಲೆಕ್ಕ ಹಾಕಿಕೊಡುವ ನನಗೆ ಫೋನ್‌ಗಳು ಶುರುವಾಗುತ್ತವೆ. ಕಾಫಿ ಕೊಳ್ಳುವವರು ಈಗ ಇಂಗಾಲದ ಲೆಕ್ಕ ಕೇಳುತ್ತಾರೆ, ಬ್ಯಾಂಕಿನವರು ಸೋಲಾರ್ ಸಾಲದ ಬಗ್ಗೆ ಹೇಳಿಹೋಗಿರುತ್ತಾರೆ. ಮೂಡಿಗೆರೆಯಿಂದ ಬರಲಿ, ಸಕಲೇಶಪುರದಿಂದ ಬರಲಿ, ಪ್ರಶ್ನೆ ಒಂದೇ: 'ಒಂದು ಟನ್ ಕಾರ್ಬನ್ ಕಮ್ಮಿ ಮಾಡಕ್ಕೆ ನಂಗೆಷ್ಟು ಖರ್ಚು ಬೀಳುತ್ತೆ ಸಾರ್? ಒಂದು ನಂಬರ್ ಹೇಳಿಬಿಡಿ.'

ನಾನು ತಿರುಗಿ ಕೇಳುತ್ತೇನೆ: 'ಇದನ್ನು ಮಾಡದಿದ್ದರೆ ನೀವು ಏನು ಮಾಡುತ್ತಿದ್ದಿರಿ?' ಆ ಕಡೆ ಮೌನ. ಕೆಲವರಿಗೆ ಬೇಜಾರೂ ಆಗುತ್ತದೆ. ಹದಿನೈದು ವರ್ಷದಿಂದ ಈ ಪ್ರಶ್ನೆ ಕೇಳುತ್ತಿದ್ದೇನೆ. ಇದು ಯಾಕೆ ಬೇಕು ಅನ್ನುವುದನ್ನು ಒಮ್ಮೆ ಪೂರ್ತಿಯಾಗಿ ಬರೆದುಬಿಡುತ್ತೇನೆ.

ಹೋದ ವರ್ಷ ಆಲ್ದೂರಿನ ಕಡೆ ಒಂದು ತೋಟಕ್ಕೆ ಹೋಗಿದ್ದೆ. ಹಳ್ಳದಿಂದ ಗುಡ್ಡದ ಮೇಲಿನ ಟ್ಯಾಂಕಿಗೆ ನೀರೆತ್ತುವ ಡೀಸೆಲ್ ಎಂಜಿನ್. ತಗಡಿನ ಶೆಡ್ಡು, ಗೋಡೆ ತುಂಬ ಮಸಿ. ತೋಟದ ಲೆಕ್ಕ ಬರೆಯುವ ರೈಟರು ಮೊಳೆಗೆ ನೇತುಹಾಕಿದ್ದ ನೋಟ್‌ಬುಕ್ ತೆಗೆದುಕೊಟ್ಟರು. ಯಾವ ದಿನ ಎಷ್ಟು ಗಂಟೆ ಓಡಿತು, ಎಷ್ಟು ಲೀಟರ್ ಹಾಕಿದರು, ಎಲ್ಲ ಅವರ ಕೈಬರಹದಲ್ಲೇ. ಇಂಥ ರೈಟರುಗಳ ಮೇಲೆ ನನಗೆ ಬಹಳ ಗೌರವ; ಯಾವ ಸಾಫ್ಟ್‌ವೇರೂ ಕೊಡದ ಸತ್ಯ ಆ ಪುಸ್ತಕದಲ್ಲಿರುತ್ತದೆ. ಕೂಡಿಸಿದರೆ ವರ್ಷಕ್ಕೆ ಸುಮಾರು 600 ಲೀಟರ್. ಒಂದು ಲೀಟರ್ ಡೀಸೆಲ್ ಉರಿದರೆ 2.68 ಕೆಜಿಯಷ್ಟು ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಅಂದರೆ ವರ್ಷಕ್ಕೆ 1.6 ಟನ್.

ಸೋಲಾರ್ ಪಂಪಿಗೆ ಕೊಟೇಶನ್ ಆರು ಲಕ್ಷ. ಮಾಲೀಕರು ಆಗಲೇ ಭಾಗಾಕಾರ ಮಾಡಿಟ್ಟುಕೊಂಡಿದ್ದರು. ಆರು ಲಕ್ಷ ಭಾಗಿಸು ಹದಿನೈದು ವರ್ಷದ 24 ಟನ್, ಟನ್ನಿಗೆ 25 ಸಾವಿರ. 'ನಮಗೆಲ್ಲ ಆಗೋದಲ್ಲ ಬಿಡಿ' ಅಂದರು.

ತಪ್ಪಾಗುವುದು ಇಲ್ಲೇ. ಲೆಕ್ಕಕ್ಕೆ ಬರಬೇಕಾದದ್ದು ಹೆಚ್ಚುವರಿ ಖರ್ಚು ಮಾತ್ರ. ಆರು ಲಕ್ಷವನ್ನು ಶೇ 8ರ ಬಡ್ಡಿಯಲ್ಲಿ ಹದಿನೈದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 70 ಸಾವಿರ. ಲೀಟರಿಗೆ 90 ರೂಪಾಯಿ ಹಿಡಿದರೆ ಉಳಿಯುವ ಡೀಸೆಲ್ 54 ಸಾವಿರದ್ದು. ಮಿಕ್ಕಿದ್ದು 16 ಸಾವಿರ. ಅದನ್ನು 1.6 ಟನ್ನಿಂದ ಭಾಗಿಸಿ: ಟನ್ನಿಗೆ ಹತ್ತು ಸಾವಿರ.

ಅಷ್ಟರಲ್ಲಿ ರೈಟರು ಮೆಲ್ಲಗೆ ಹೇಳಿದರು, 'ಈ ಎಂಜಿನ್ ಈ ವರ್ಷ ಹೇಗೂ ಬದಲಾಯಿಸಬೇಕು ಸಾರ್, ಸಿಲಿಂಡರಿನ ಬೋರ್ ಪೂರ್ತಿ ಸವೆದಿದೆ.' ನಾನು ಪೆನ್ನು ಕೆಳಗಿಟ್ಟೆ. ಹಾಗಾದರೆ ಸೋಲಾರ್ ಹಾಕದಿದ್ದರೂ ಹೊಸ ಡೀಸೆಲ್ ಸೆಟ್ಟಿಗೆ, ಫಿಟ್ಟಿಂಗ್ ಸೇರಿ, ಒಂದೂವರೆ ಲಕ್ಷ ಹೋಗುತ್ತಿತ್ತು. ಅದನ್ನೂ ಹಾಗೇ ಹಂಚಿದರೆ ವರ್ಷಕ್ಕೆ ಹದಿನೇಳೂವರೆ ಸಾವಿರ. ಅದನ್ನು ಕಳೆದರೆ ಹೆಚ್ಚುವರಿ ಖರ್ಚು ಸೊನ್ನೆಗಿಂತ ಕೆಳಗೆ ಇಳಿಯಿತು, ಅಂದರೆ ಇಂಗಾಲವೂ ಕಡಿಮೆ, ಕೈಯಲ್ಲಿ ಒಂದಿಷ್ಟು ದುಡ್ಡೂ ಉಳಿತಾಯ. ಅದೇ ಪ್ಯಾನೆಲ್, ಅದೇ ಹಳ್ಳ, ಅದೇ ಟ್ಯಾಂಕು. ಬದಲಾದದ್ದು 'ಇಲ್ಲದಿದ್ದರೆ ಏನಾಗುತ್ತಿತ್ತು' ಅನ್ನುವುದೊಂದೇ. ನಮ್ಮ ವೃತ್ತಿಯಲ್ಲಿ ಇದಕ್ಕೆ ಬೇಸ್‌ಲೈನ್ ಅನ್ನುತ್ತೇವೆ.

ಇದನ್ನು ನಿಮ್ಮ ತೋಟಕ್ಕೆ ಹಾಗೇ ಇಳಿಸಬೇಡಿ. ಬಡ್ಡಿ ಶೇ 12 ಆದರೆ, ಹೊಸ ಎಂಜಿನ್ನಿನ ಖರ್ಚು ಕಳೆದ ಮೇಲೂ, ಅದೇ ಲೆಕ್ಕ ಸೊನ್ನೆಯ ಕೆಳಗಿನಿಂದ ಟನ್ನಿಗೆ ಏಳೂವರೆ ಸಾವಿರಕ್ಕೆ ಏರುತ್ತದೆ. ವರ್ಷದಲ್ಲಿ ಇಪ್ಪತ್ತೇ ದಿನ ಗಿಡಗಳಿಗೆ ಜೆಟ್ (ಸ್ಪ್ರಿಂಕ್ಲರ್) ನೀರು ಹೊಡೆಯಲು ಓಡುವ ದೊಡ್ಡ ಎಂಜಿನ್ನಾದರೆ ಸೋಲಾರ್ ಬಹುಶಃ ಗಿಟ್ಟುವುದಿಲ್ಲ. ಮಿಕ್ಕ ದಿನವೆಲ್ಲ ಪ್ಯಾನೆಲ್ ಸುಮ್ಮನೆ ಕೂರುತ್ತದೆ. ಮಳೆಗಾಲದ ಮೋಡ, ಸಿಲ್ವರ್ ಓಕ್ ಮರದ ನೆರಳು, ಮಂಗನ ಕಾಟ, ಎಲ್ಲವನ್ನೂ ಸ್ಥಳದಲ್ಲೇ ನೋಡಬೇಕು.

ಬಡ್ಡಿದರದ ಈ ಗಲಾಟೆ ನಮ್ಮೂರಿನದು ಮಾತ್ರ ಅಲ್ಲ. 2006ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ನಿಕೋಲಸ್ ಸ್ಟರ್ನ್ ಹವಾಮಾನ ಬದಲಾವಣೆ ಬಗೆಗಿನ ತಮ್ಮ ವರದಿಯಲ್ಲಿ ಮುಂದಿನ ಪೀಳಿಗೆಯ ನಷ್ಟವನ್ನು ವರ್ಷಕ್ಕೆ ಶೇ 1.4ರಷ್ಟೇ ತಗ್ಗಿಸಿ ಲೆಕ್ಕ ಹಾಕಿದರು, ತಕ್ಷಣ ದೊಡ್ಡ ಕ್ರಮ ಬೇಕು ಅಂದರು. ಮುಂದೆ 2018ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಮೆರಿಕದ ವಿಲಿಯಂ ನಾರ್ಡ್‌ಹೌಸ್ ಅದನ್ನು ಒಪ್ಪಲಿಲ್ಲ. ಅವರ ಮಾದರಿಯಲ್ಲಿ ಆ ದರ ಇನ್ನೂ ಹೆಚ್ಚು, ಹಾಗಾಗಿ ಕ್ರಮಗಳ ವೇಗ ನಿಧಾನ. ಐವತ್ತು ವರ್ಷದ ನಂತರ ಬರುವ ನೂರು ರೂಪಾಯಿ ನಷ್ಟ ಶೇ 1.4ರಲ್ಲಿ ಇಂದಿನ 50 ರೂಪಾಯಿ, ಶೇ 4.5ರಲ್ಲಿ ಬರೀ 11. ಹಾಗಾಗಿ 'ಟನ್ನಿಗೆ ಇಷ್ಟು' ಅಂತ ಯಾರೇ ವರದಿ ಕೊಟ್ಟರೂ ಮೊದಲು ಬಡ್ಡಿ ಯಾವುದು, ಹೋಲಿಕೆ ಯಾವುದರ ಜೊತೆಗೆ ಅಂತ ಕೇಳಿ.

ಇನ್ನು ಮರಗಳ ವಿಷಯ. ಬೆಳೆಗಾರರ ಸಭೆಗೆ ಹೋದರೆ ಸಾಕು, 'ನನ್ನ ತೋಟದಲ್ಲಿ ಎರಡು ಸಾವಿರ ಸಿಲ್ವರ್ ಇದೆ, ಕ್ರೆಡಿಟ್ ಎಷ್ಟು ಬರುತ್ತೆ?' ಕ್ರೆಡಿಟ್ ಅಂದರೆ ಕಡಿಮೆ ಮಾಡಿದ ಟನ್ನುಗಳನ್ನು ಕಂಪನಿಗಳಿಗೆ ಮಾರುವ ಚೀಟಿ. ಅಪ್ಪನ ಕಾಲದಲ್ಲಿ ಮೆಣಸು ಹಬ್ಬಿಸಲು ನೆಟ್ಟ ಮರ ಅದು. ಕ್ರೆಡಿಟ್ ಬಂದರೂ ನಿಲ್ಲುತ್ತದೆ, ಬರದಿದ್ದರೂ ನಿಲ್ಲುತ್ತದೆ. ಹಾಗಾದ ಮೇಲೆ ಆ ದುಡ್ಡಿನಿಂದ ಹೊಸದಾಗಿ ಉಳಿದ ಇಂಗಾಲ ಎಲ್ಲಿದೆ? ಇದನ್ನು ಹೇಳುವಾಗ ನನಗೂ ಸಂಕಟವೇ. ನಮ್ಮ ಮಲೆನಾಡಿನ ಬೆಳೆಗಾರರು ತಲೆಮಾರುಗಳಿಂದ ನೆರಳು ಕಾಪಾಡಿದ್ದಾರೆ, ಅದಕ್ಕೊಂದು ಬೆಲೆ ಸಿಗಲೇಬೇಕು ಅಂತ ನಾನೂ ನಂಬುತ್ತೇನೆ. ಆದರೆ ಆ ಬೆಲೆಯನ್ನು 'ಕಡಿಮೆ ಮಾಡಿದ ಟನ್' ಅನ್ನುವ ಹೆಸರಲ್ಲಿ ಮಾರಿದರೆ, ಕೊಂಡ ಕಂಪನಿ ಅಷ್ಟೇ ಹೊಗೆಯನ್ನು ಬೇರೆಡೆ ಬಿಡುತ್ತದೆ. 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಆರು ದೇಶಗಳ ಕಾಡು ಉಳಿಸುವ ಯೋಜನೆಗಳನ್ನು ಪರಿಶೀಲಿಸಿ, ಬಹುಪಾಲು ಯೋಜನೆಗಳಿಂದ ಕಾಡುನಾಶ ಗಮನಾರ್ಹವಾಗಿ ತಗ್ಗಲಿಲ್ಲ ಎಂದು ತೋರಿಸಿತು. ಯೋಜನೆ ಇಲ್ಲದಿದ್ದರೆ ಎಷ್ಟು ಕಾಡು ಹೋಗುತ್ತಿತ್ತು ಅನ್ನುವ ಅಂದಾಜನ್ನೇ ಉಬ್ಬಿಸಲಾಗಿತ್ತು.

ಒಬ್ಬ ಹಿರಿಯರು ಮಾತ್ರ ಬೇರೆ ಥರ ಮಾತಾಡಿದರು. 'ಸುಳ್ಳು ಯಾಕೆ ಹೇಳಲಿ, ಮಗ ಈ ವರ್ಷ ಹಲಸು, ಅತ್ತಿ ಎಲ್ಲ ತೆಗೆಸಿ ಬಯಲು ಮಾಡಿ ರೊಬಸ್ಟಾ ಹಾಕಬೇಕು ಅಂತಿದ್ದಾನೆ. ಗುರುತೂ ಹಾಕಿಸಿದ್ದಾನೆ.' ಅವರ ಜೊತೆ ತೋಟ ಸುತ್ತಿದೆ. ಕಾಂಡಗಳ ಮೇಲೆ ಸುಣ್ಣದ ಅಡ್ಡಗೆರೆ ಇನ್ನೂ ಹಸಿಯಾಗಿತ್ತು. ಇಲ್ಲಿ ದುಡ್ಡು ಬರದಿದ್ದರೆ ಮರಗಳು ನಿಜಕ್ಕೂ ಹೋಗುತ್ತಿದ್ದವು. ಹಾಗಾಗಿ ಆ ತೋಟಕ್ಕೆ ವರದಿ ಬರೆಯುವಾಗ ಮೊದಲ ಪುಟದಲ್ಲೇ ಗುರುತು ಬಿದ್ದ ಮರಗಳ ಸಂಖ್ಯೆ, ಸುತ್ತಳತೆ ಮತ್ತು ದಿನಾಂಕ ಹಾಕಿದೆ.

ಹಾಗಾಗಿ ನನಗೆ ಫೋನ್ ಮಾಡುವ ಮೊದಲು ಮೂರು ವರ್ಷದ ಡೀಸೆಲ್ ಲೆಕ್ಕ ತೆಗೆದಿಡಿ. ಎಂಜಿನ್ ಯಾವ ವರ್ಷದ್ದು, ಯಾವಾಗ ಬದಲಾಯಿಸಬೇಕು ಅಂದುಕೊಂಡಿದ್ದಿರಿ ಅಂತ ಬರೆದಿಡಿ. ನೆನಪಿಲ್ಲದಿದ್ದರೆ ನಿಮ್ಮ ರೈಟರನ್ನು ಕೇಳಿ.