ಗೋಡೆ ಸಿಗದವರು: ಯುರೋಪಿನ ಕಲಾಪಂಥಗಳು ಹುಟ್ಟಿದ ಬಗೆ

19ನೇ ಶತಮಾನದ ನಡುಭಾಗದ ಪ್ಯಾರಿಸ್. ಕಲಾವಿದರು ತಿಂಗಳುಗಟ್ಟಲೆ ಕೂತು ಬರೆದ ಚಿತ್ರಗಳನ್ನು ಸರ್ಕಾರದ ಪ್ರದರ್ಶನಕ್ಕೆ ಒಪ್ಪಿಸಿ ಬರುತ್ತಿದ್ದರು. ಆಯ್ಕೆ ಮಂಡಳಿಗೆ ಹಿಡಿಸದ ಚಿತ್ರದ ಬೆನ್ನಿಗೆ, ಕ್ಯಾನ್ವಾಸ್ ಬಿಗಿದ ಮರದ ಚೌಕಟ್ಟಿನ ಮೇಲೆ, ‘ಆರ್’ ಅಕ್ಷರದ ಮುದ್ರೆ ಬೀಳುತ್ತಿತ್ತು. ‘ರೆಫ್ಯೂಸೆ’, ಅಂದರೆ ತಿರಸ್ಕರಿಸಿದ್ದು. ಎದುರಿಗೆ ಚಿತ್ರ ಎಷ್ಟೇ ಚೆನ್ನಾಗಿರಲಿ, ಹಿಂದೆ ಆ ಮುದ್ರೆ ಕಂಡರೆ ಕೊಳ್ಳಲು ಬಂದವರು ಹಿಂಜರಿಯುತ್ತಿದ್ದರು.

ಯುರೋಪಿನ ಕಲೆ ಮತ್ತು ಸಾಹಿತ್ಯದ ಪಂಥಗಳನ್ನು ನಾವೆಲ್ಲ ಓದಿದ್ದು ಪಟ್ಟಿಯ ರೂಪದಲ್ಲಿ. ರೊಮ್ಯಾಂಟಿಸಿಸಂ, ರಿಯಲಿಸಂ, ನ್ಯಾಚುರಲಿಸಂ, ಇಂಪ್ರೆಷನಿಸಂ, ಕ್ಯೂಬಿಸಂ. ಒಂದೊಂದಕ್ಕೂ ನಾಲ್ಕು ಲಕ್ಷಣ, ಇಬ್ಬರು ಪ್ರತಿನಿಧಿಗಳು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಪಟ್ಟಿ ಓದಿದರೆ, ಮಳೆಗಾಲ ಮುಗಿದು ಚಳಿಗಾಲ ಬಂದ ಹಾಗೆ ಒಂದು ಪಂಥ ಹೋಗಿ ಇನ್ನೊಂದು ತಾನಾಗಿಯೇ ಬಂತು ಅನಿಸುತ್ತದೆ. ಹಾಗೆ ಆಗಲಿಲ್ಲ. ಪ್ರತಿ ಸಲವೂ ಒಂದು ಜಗಳ ನಡೆದಿದೆ. ಯಾರ ಚಿತ್ರಕ್ಕೆ ಗೋಡೆ, ಯಾರ ನಾಟಕಕ್ಕೆ ರಂಗ, ಅದನ್ನು ತೀರ್ಮಾನಿಸುವವರು ಯಾರು ಅನ್ನುವ ಜಗಳ. ಅದು ಅತಿ ಜೋರಾಗಿ ನಡೆದ ಊರು ಪ್ಯಾರಿಸ್.

ಅಲ್ಲಿ 1648ರಲ್ಲಿ ಚಿತ್ರ ಮತ್ತು ಶಿಲ್ಪಕಲೆಯ ರಾಜ ಅಕಾಡೆಮಿ ಶುರುವಾಯಿತು. 1667ರಲ್ಲಿ ಅದರ ಸದಸ್ಯರ ಮೊದಲ ಪ್ರದರ್ಶನ ನಡೆಯಿತು. ಮುಂದೆ ಅದು ಲೂವ್ರ್ ಅರಮನೆಯ ‘ಸಲೋಂ ಕರೆ’ ಎಂಬ ಚೌಕದ ಕೋಣೆಗೆ ಬಂತು. ಕೋಣೆಯ ಹೆಸರೇ ಪ್ರದರ್ಶನಕ್ಕೂ ನಿಂತಿತು: ಸಲೋಂ. ಯಾವ ಚಿತ್ರ ದೊಡ್ಡದು, ಯಾವುದು ಚಿಕ್ಕದು ಎಂದು ಅಕಾಡೆಮಿಯವರು ಮೆಟ್ಟಿಲು ಕಟ್ಟಿದ್ದರು. ಪುರಾಣ, ಬೈಬಲ್, ಇತಿಹಾಸದ ಚಿತ್ರ ಎಲ್ಲಕ್ಕಿಂತ ಮೇಲೆ. ಭೂದೃಶ್ಯ ಕೆಳಗೆ. ಹಣ್ಣು, ಹೂಜಿ ಬರೆಯುವವರು ಕಟ್ಟಕಡೆಗೆ. ಚಿತ್ರಗಳನ್ನು ನೆಲದಿಂದ ಸೂರಿನವರೆಗೆ ಒತ್ತೊತ್ತಾಗಿ ನೇತು ಹಾಕುತ್ತಿದ್ದರು. ಬೇಡದವರ ಚಿತ್ರ ಸೂರಿನ ಹತ್ತಿರ ಹೋದರೆ ಕೆಳಗೆ ನಿಂತವರಿಗೆ ಅದು ಕಾಣುತ್ತಲೇ ಇರಲಿಲ್ಲ. ಅಂದರೆ ಒಳಗೆ ಹೋದರೂ ಹೊರಗೆ ಇದ್ದ ಹಾಗೆ.

ಬರಹಗಾರರು ಈ ಜಗಳಕ್ಕೆ ಬೇಗನೆ ಸೇರಿಕೊಂಡರು. ದಿದೆರೊ 1759ರಿಂದಲೇ ಸಲೋಂ ನೋಡಿ ಬಂದು ಉದ್ದುದ್ದ ವಿಮರ್ಶೆ ಬರೆಯುತ್ತಿದ್ದ. ಅಲ್ಲಿಂದ ಮುಂದೆ ಚಿತ್ರದ ಜಗಳ, ಅಕ್ಷರದ ಜಗಳ ಎರಡೂ ಕೂಡಿಕೊಂಡೇ ನಡೆದವು.

ರೊಮ್ಯಾಂಟಿಕ್ ಪಂಥವನ್ನೇ ನೋಡಿ. 1819ರಲ್ಲಿ ಜೆರಿಕೊ ಎಂಬ ಕಲಾವಿದ ಸಲೋಂಗೆ 23 ಅಡಿ ಅಗಲದ ಚಿತ್ರ ತಂದ. ವಿಷಯ ಪುರಾಣದ್ದಲ್ಲ, ಮೂರು ವರ್ಷದ ಹಿಂದಿನ ಸುದ್ದಿ. ಮೆಡ್ಯೂಸಾ ಎಂಬ ಫ್ರೆಂಚ್ ಹಡಗು ಆಫ್ರಿಕಾದ ಪಶ್ಚಿಮ ತೀರದ ಬಳಿ ಮರಳದಿಬ್ಬಕ್ಕೆ ಸಿಕ್ಕಿಕೊಂಡಿತ್ತು. ಹತ್ತಿರ ಹತ್ತಿರ 150 ಜನರನ್ನು ಒಂದು ತೆಪ್ಪದ ಮೇಲೆ ಬಿಟ್ಟು ಹೋಗಿದ್ದರು. ಉಳಿದು ರಕ್ಷಣೆ ಕಂಡವರು 15 ಮಂದಿ. ದೇವರು, ರಾಜರಿಗೆ ಮೀಸಲಾಗಿದ್ದ ಅಳತೆಯಲ್ಲಿ ಹಸಿದ, ಸಾಯುತ್ತಿರುವ ಮಾಮೂಲಿ ಜನ ಕಾಣಿಸಿಕೊಂಡರು.

ನಾಟಕದಲ್ಲಿ ಇದೇ ಕೆಲಸ ಆದದ್ದು 1830ರ ಫೆಬ್ರುವರಿ 25ರ ರಾತ್ರಿ. ಕೊಮೆದಿ ಫ್ರಾನ್ಸೇಸ್ ರಂಗಮಂದಿರದಲ್ಲಿ ವಿಕ್ಟರ್ ಹ್ಯೂಗೊನ ‘ಎರ್ನಾನಿ’ಯ ಮೊದಲ ಪ್ರಯೋಗ. ಮರುದಿನ ಅವನಿಗೆ 28 ತುಂಬುವುದಿತ್ತು. ಆಗ ರಂಗಮಂದಿರಗಳಲ್ಲಿ ದುಡ್ಡು ಕೊಟ್ಟು ಚಪ್ಪಾಳೆ ಹೊಡೆಸುವ ಗುಂಪುಗಳಿದ್ದವು. ಹ್ಯೂಗೊ ಅವರನ್ನು ಬೇಡ ಅಂದ. ಬದಲಿಗೆ ಯುವ ಕವಿಗಳನ್ನು, ಚಿತ್ರಕಾರರನ್ನು ಕರೆಸಿದ. ಅವರ ಪ್ರವೇಶಚೀಟಿ ಕೆಂಪು ಕಾಗದದ ತುಂಡು. ಅದರ ಮೇಲೆ ಸ್ಪ್ಯಾನಿಷ್ ಭಾಷೆಯ ಒಂದೇ ಪದ: ‘ಇಯೆರ್ರೊ’, ಅಂದರೆ ಕಬ್ಬಿಣ. ಈ ಹುಡುಗರು ಮಧ್ಯಾಹ್ನವೇ ಒಳಗೆ ಹೋಗಿ, ಅಲ್ಲೇ ಊಟ ಮಾಡಿ, ಗಂಟೆಗಟ್ಟಲೆ ಕಾದರು. ತೆಯೋಫಿಲ್ ಗೋತಿಯೆ ಎಂಬ ಹುಡುಗ ಕಣ್ಣು ಕುಕ್ಕುವ ಕೆಂಪು ಮೇಲಂಗಿ ಹಾಕಿಕೊಂಡು ಬಂದಿದ್ದ.

ಪರದೆ ಎದ್ದ ಕೂಡಲೇ ಗಲಾಟೆ. ಮೊದಲ ಸಾಲು ‘ಮೆಟ್ಟಿಲು’ ಎಂಬ ಪದಕ್ಕೆ ಮುಗಿಯುತ್ತದೆ. ಅದಕ್ಕೆ ಸೇರಿದ ‘ಗುಪ್ತ’ ಎಂಬ ವಿಶೇಷಣ ಎರಡನೇ ಸಾಲಿಗೆ ಜಾರುತ್ತದೆ. ಅಷ್ಟೇ! ಕುಮಾರವ್ಯಾಸನ ಷಟ್ಪದಿ ಓದಿದ ನಮಗೆ ಇದೊಂದು ವಿಷಯ ಅಂತಲೇ ಅನಿಸುವುದಿಲ್ಲ. ಅವನಲ್ಲಿ ಒಂದೇ ಪದ ಅರ್ಧಕ್ಕೆ ಮುರಿದು ಮುಂದಿನ ಸಾಲಿಗೆ ಹರಿಯುತ್ತದೆ. ಆದರೆ ಫ್ರೆಂಚ್ ಶಾಸ್ತ್ರದ ಪ್ರಕಾರ 12 ಉಚ್ಚಾರಾಂಶದ ಸಾಲು ಮುಗಿದಲ್ಲಿ ಅರ್ಥವೂ ನಿಲ್ಲಬೇಕಿತ್ತು. ಹಳಬರಿಗೆ ಅದು ಮನೆಯ ಗೋಡೆ ಒಡೆದ ಹಾಗೆ ಕೇಳಿಸಿತು. ಒಂದು ಕಡೆ ಶಿಳ್ಳೆ, ನಗು. ಇನ್ನೊಂದು ಕಡೆ ಚಪ್ಪಾಳೆ. ಮುಂದಿನ ಪ್ರಯೋಗಗಳಲ್ಲೂ ಇದೇ ನಡೆಯಿತು. ಆ ಜುಲೈನಲ್ಲಿ ಕ್ರಾಂತಿಯಾಗಿ ಫ್ರಾನ್ಸಿನ ಅರಸನೇ ಓಡಿಹೋಗಬೇಕಾಯಿತು.

ಇಪ್ಪತ್ತು ವರ್ಷದ ಮೇಲೆ ಗುಸ್ತಾವ್ ಕೂರ್ಬೆ ಬಂದ. ತನ್ನೂರು ಓರ್ನಾನಿನಲ್ಲಿ ನಡೆದ ಒಂದು ಮಣ್ಣು ಮಾಡುವ ದೃಶ್ಯವನ್ನು ಸುಮಾರು 22 ಅಡಿ ಅಗಲಕ್ಕೆ ಬರೆದ. ಊರಿನ ಪಾದ್ರಿ, ರೈತರು, ಮೂಗು ಒರೆಸಿಕೊಳ್ಳುವ ಹೆಂಗಸರು, ಒಂದು ನಾಯಿ. ಎಲ್ಲ ಆಳೆತ್ತರ. ಮುಂದುಗಡೆ ತೆರೆದ ಗುಂಡಿ. ಸತ್ತವರು ಯಾರು ಅಂತಲೂ ಚಿತ್ರ ಹೇಳುವುದಿಲ್ಲ. ಸಿಟ್ಟು ಬಂದದ್ದು ಇದಕ್ಕೇ: ಹಳ್ಳಿಯವರ ಸಾವಿಗೆ ಇಷ್ಟು ದೊಡ್ಡ ಗೋಡೆಯೇ?

1855ರ ವಿಶ್ವ ಪ್ರದರ್ಶನಕ್ಕೆ ಕೂರ್ಬೆ ಕೊಟ್ಟ ಚಿತ್ರಗಳಲ್ಲಿ 11 ಆಯ್ಕೆಯಾದವು. ಈ ಚಿತ್ರ ಮತ್ತು ಅವನ ಹೊಸ ‘ಚಿತ್ರಕಾರನ ಕೋಣೆ’ ಆಯ್ಕೆಯಾಗಲಿಲ್ಲ. ಅವನು ಹತ್ತಿರದಲ್ಲೇ ಸ್ವಂತ ಮಂಟಪ ಕಟ್ಟಿಸಿ, ‘ರಿಯಲಿಸಂ’ ಎಂದು ಹೆಸರಿಟ್ಟು, ಟಿಕೆಟ್ ಇಟ್ಟ. ಜನ ಅಷ್ಟಾಗಿ ಬರಲಿಲ್ಲ. ಬಂದವರಲ್ಲಿ ಒಬ್ಬ ದೆಲಾಕ್ರಾ, ರೊಮ್ಯಾಂಟಿಕ್ ಚಿತ್ರಕಾರರಲ್ಲೇ ದೊಡ್ಡವನು. ಹತ್ತಿರ ಹತ್ತಿರ ಒಂದು ಗಂಟೆ ಒಬ್ಬನೇ ಅಲ್ಲಿದ್ದ. ಮಂಡಳಿ ಬೇಡ ಅಂದ ಚಿತ್ರ ಒಂದು ಮೇರುಕೃತಿ ಎಂದು ದಿನಚರಿಯಲ್ಲಿ ಬರೆದುಕೊಂಡ. ಈ ಕತೆಯಲ್ಲಿ ನನಗೆ ತುಂಬಾ ಇಷ್ಟವಾದ ಗಳಿಗೆ ಇದು. ಹಿಂದಿನ ಜಗಳದ ಯೋಧ ಮುಂದಿನ ಜಗಳದವನನ್ನು ಸುಮ್ನೆ ನಿಂತು ನೋಡುತ್ತಿದ್ದಾನೆ.

ಪುಸ್ತಕಗಳಿಗೆ ಗೋಡೆಯ ಬದಲು ಕೋರ್ಟು. 1857ರ ಶುರುವಿನಲ್ಲಿ ಫ್ಲೋಬೇರ್ ‘ಮದಾಂ ಬೋವರಿ’ ಕಾದಂಬರಿ ನೀತಿಗೆಟ್ಟದ್ದು ಎಂಬ ಆರೋಪಕ್ಕೆ ಕಟಕಟೆ ಹತ್ತಿ ಖುಲಾಸೆಯಾದ. ಆಗಸ್ಟಿನಲ್ಲಿ ಕವಿ ಬೋದಿಲೇರ್ ಸರದಿ. ಎರಡೂ ಸಲ ಸರ್ಕಾರದ ವಕೀಲ ಒಬ್ಬನೇ, ಅರ್ನೆಸ್ಟ್ ಪಿನಾರ್. ಲಂಕೇಶರು ‘ಪಾಪದ ಹೂಗಳು’ ಎಂದು ಕನ್ನಡಕ್ಕೆ ತಂದ ಸಂಕಲನ ಇದೆಯಲ್ಲ, ಅದಕ್ಕೆ 300 ಫ್ರಾಂಕ್ ದಂಡ ಬಿತ್ತು. ಆರು ಕವಿತೆ ಕಿತ್ತು ಹಾಕಬೇಕಾಯಿತು. ಆ ತೀರ್ಪು ರದ್ದಾದದ್ದು 1949ರಲ್ಲಿ.

ಆಮೇಲೆ ಬಂತು 1863. ಆ ವರ್ಷ ಸಲೋಂಗೆ ಬಂದ ಸುಮಾರು 5,000 ಕೃತಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸಾದವು. ದೂರು ಚಕ್ರವರ್ತಿ ಮೂರನೇ ನೆಪೋಲಿಯನ್ ಕಿವಿಗೆ ಬಿತ್ತು. ತಿರಸ್ಕರಿಸಿದ ಚಿತ್ರಗಳನ್ನೂ ಅದೇ ಕಟ್ಟಡದ ಇನ್ನೊಂದು ಭಾಗದಲ್ಲಿ ಇಡಿ, ಜನರೇ ನೋಡಿ ಹೇಳಲಿ ಎಂದು ಅವನು ಆಜ್ಞೆ ಮಾಡಿದ. ಅದೇ ‘ತಿರಸ್ಕೃತರ ಸಲೋಂ’. ನೂರಾರು ಕಲಾವಿದರು ಹೆದರಿ ಚಿತ್ರ ಹಿಂದಕ್ಕೆ ತೆಗೆದುಕೊಂಡರು. ಮಂಡಳಿಯ ಕಣ್ಣಿಗೆ ಬಿದ್ದರೆ ಮುಂದಿನ ವರ್ಷಕ್ಕೂ ಕಷ್ಟ ಅಲ್ವಾ?

ಎದೂಆರ್ ಮಾನೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನ ಚಿತ್ರದಲ್ಲಿ ಹುಲ್ಲಿನ ಮೇಲೆ ಇಬ್ಬರು ಗಂಡಸರು ಕೂತು ಮಾತಾಡುತ್ತಿದ್ದಾರೆ. ಪಕ್ಕದಲ್ಲಿ ಬತ್ತಲೆ ಹೆಂಗಸೊಬ್ಬಳು ನೇರವಾಗಿ ನಮ್ಮನ್ನೇ ನೋಡುತ್ತಿದ್ದಾಳೆ. ಲೂವ್ರ್ ತುಂಬಾ ಬತ್ತಲೆ ದೇವತೆಗಳಿದ್ದರು, ಅವರನ್ನು ಕಂಡು ಯಾರೂ ಬೆಚ್ಚುತ್ತಿರಲಿಲ್ಲ. ಇಲ್ಲಿ ಆ ಗಂಡಸರು ತೊಟ್ಟಿದ್ದು ಆ ಕಾಲದ ಕೋಟು. ಹಾಗಾಗಿ ಇವಳು ದೇವತೆ ಆಗಲು ಸಾಧ್ಯವೇ ಇರಲಿಲ್ಲ. ಜನ ಬಂದರು, ನಕ್ಕರು, ಬೈದರು. ಆದರೆ ಬಂದರು. ಮಂಡಳಿಯ ಮಾತೇ ಕೊನೆಯದಲ್ಲ ಅನ್ನುವುದು ಮೊದಲ ಸಲ ಎಲ್ಲರಿಗೂ ಕಂಡಿತು.

ಇದನ್ನು ಓದುವಾಗೆಲ್ಲ ನನಗೆ 1979 ನೆನಪಾಗುತ್ತದೆ. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಕೇಳಿದಾಗ ಕೊಡಲಿಲ್ಲ. ಕೇಳಿದವರು ಸೇರಿ ಬೆಂಗಳೂರಿನಲ್ಲಿ ತಮ್ಮದೇ ಸಮ್ಮೇಳನ ಮಾಡಿದರು. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು ಹಾಗೆ. ಪ್ಯಾರಿಸ್ಸಿನವರ ಸಂಕಟ, ನಮ್ಮವರ ಸಂಕಟ ಒಂದೇ ಅಲ್ಲ. ನಮ್ಮಲ್ಲಿ ಜಾತಿಯ ಪ್ರಶ್ನೆ ಇತ್ತು, ಅದು ಇನ್ನೂ ಆಳದ್ದು. ಆದರೂ ಬಾಗಿಲು ಹಾಕಿದಾಗ ಬೇರೆ ಚಪ್ಪರ ಹಾಕಿಕೊಳ್ಳುವ ಛಲ ಒಂದೇ.

ಮಾನೆ ಪರವಾಗಿ ಗಟ್ಟಿಯಾಗಿ ನಿಂತವನು ಎಮಿಲ್ ಜೋಲಾ, ಚಿತ್ರಕಾರ ಸೆಜಾನ್‌ನ ಬಾಲ್ಯದ ಗೆಳೆಯ. 1866ರಲ್ಲಿ ಪತ್ರಿಕೆಯೊಂದರಲ್ಲಿ ಅವನು ಮಾನೆಯನ್ನು ಹೊಗಳಿದ. ಓದುಗರು ಎಷ್ಟು ರೇಗಿದರೆಂದರೆ ಲೇಖನಮಾಲೆಯನ್ನೇ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಕಣ್ಣಾರೆ ಕಂಡದ್ದನ್ನು ಬರೆಯಬೇಕು ಅನ್ನುವ ಹಟವನ್ನು ಜೋಲಾ ಕಾದಂಬರಿಗೂ ತಂದ. ಅದೇ ನ್ಯಾಚುರಲಿಸಂ. 1884ರಲ್ಲಿ ಮುಷ್ಕರ ನಡೆಯುತ್ತಿದ್ದ ಆಂಜೆಂ ಕಲ್ಲಿದ್ದಲ ಗಣಿಗೆ ಹೋಗಿ, ಕೆಳಗಿಳಿದು, ಟಿಪ್ಪಣಿ ಮಾಡಿಕೊಂಡು ಬಂದು ‘ಜೆರ್ಮಿನಾಲ್’ ಬರೆದ. 1902ರಲ್ಲಿ ಅವನ ಶವದ ಹಿಂದೆ ನಡೆದ ಗಣಿ ಕಾರ್ಮಿಕರು ಕೂಗಿದ್ದು ಆ ಪುಸ್ತಕದ ಹೆಸರನ್ನೇ.

ಚಿತ್ರಕಾರರು ಹೊರಗೆ ಹೋಗಿ ಬರೆಯಲು ಇನ್ನೊಂದು ಚಿಕ್ಕ ವಸ್ತು ಕಾರಣ: ತವರದ ಟ್ಯೂಬು. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಕಲಾವಿದ ಅದಕ್ಕೆ ಪೇಟೆಂಟ್ ಪಡೆದ. ಅಲ್ಲಿಯವರೆಗೆ ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಚುಚ್ಚಿ ತೆಗೆದ ಮೇಲೆ ಬೇಗ ಒಣಗುತ್ತಿತ್ತು. ಟ್ಯೂಬಿಗೆ ಮುಚ್ಚಳ ಇತ್ತು. ಜೇಬಿಗೆ ಹಾಕಿಕೊಂಡು, ರೈಲು ಹತ್ತಿ, ನದಿ ದಡಕ್ಕೆ ಹೋಗಿ ಬೆಳಕು ಇರುವಾಗಲೇ ಬರೆಯಬಹುದಿತ್ತು.

ಹೀಗೆ ಬರೆದವರು 1874ರ ಏಪ್ರಿಲ್ 15ಕ್ಕೆ, ಸಲೋಂಗಿಂತ ಮೊದಲೇ, ತಮ್ಮದೇ ಪ್ರದರ್ಶನ ತೆರೆದರು. ಜಾಗ ಫೋಟೊಗ್ರಾಫರ್ ನಾದಾರ್‌ನ ಹಳೇ ಸ್ಟುಡಿಯೊ. ಸುಮಾರು 30 ಕಲಾವಿದರು, ಕ್ಯಾಟಲಾಗಿನಲ್ಲಿ 165 ಕೃತಿ, ಟಿಕೆಟ್ ಒಂದು ಫ್ರಾಂಕ್. ಮೊನೆ, ರೆನ್ವಾ, ಪಿಸ್ಸಾರೊ, ದೆಗಾ, ಸೆಜಾನ್ ಇದ್ದರು. ಹತ್ತು ವರ್ಷದಿಂದ ಸಲೋಂನಲ್ಲಿ ಚಿತ್ರ ಇಡುತ್ತಿದ್ದ ಬರ್ತ್ ಮೊರಿಸೊ ಅದನ್ನು ಬಿಟ್ಟು ಇವರ ಜೊತೆ ಬಂದಳು. ಮಾನೆ ಮಾತ್ರ ಬರಲಿಲ್ಲ. ಗೆಲ್ಲಬೇಕಾದ್ದು ಸಲೋಂನಲ್ಲೇ ಅಂತ ಅವನ ನಂಬಿಕೆ.

ಮೊನೆ ಇಟ್ಟ ಚಿತ್ರಗಳಲ್ಲಿ ಒಂದು ಎರಡು ಅಡಿ ಅಗಲದ್ದು. ಲ ಆವ್ರ್ ಬಂದರಿನ ಬೆಳಗು. ಮಂಜು, ದೋಣಿಗಳ ನೆರಳು, ಕಿತ್ತಳೆ ಬಣ್ಣದ ಒಂದು ಸೂರ್ಯ, ನೀರಿನ ಮೇಲೆ ಅದೇ ಬಣ್ಣದ ನಾಲ್ಕಾರು ಗೆರೆ. ಹೆಸರು ‘ಇಂಪ್ರೆಷನ್, ಸೂರ್ಯೋದಯ’. ಏಪ್ರಿಲ್ 25ರ ಹಾಸ್ಯಪತ್ರಿಕೆ ‘ಲ ಶಾರಿವಾರಿ’ಯಲ್ಲಿ ಲೂಯಿ ಲರುವಾ ಒಂದು ಅಣಕು ಬರೆದ. ಹಳೇ ಕಾಲದ ಚಿತ್ರಕಾರನೊಬ್ಬ ಪ್ರದರ್ಶನ ನೋಡುತ್ತಾ ನೋಡುತ್ತಾ ತಲೆಕೆಟ್ಟು ಹೋಗುವ ಕತೆ. ಗೋಡೆಗೆ ಅಂಟಿಸುವ ಕಾಗದವೂ ಇದಕ್ಕಿಂತ ಪೂರ್ತಿಯಾಗಿರುತ್ತದೆ ಅಂದ. ತಲೆಬರಹದಲ್ಲಿ ‘ಇಂಪ್ರೆಷನಿಸ್ಟರು’ ಎಂದು ಕರೆದ. ಬೈಗುಳವೇ ಹೆಸರಾಯಿತು.

ನೋಡಲು ಬಂದವರು ಸುಮಾರು 3,500 ಜನ. ಲೆಕ್ಕ ಹಾಕಿದಾಗ ಪ್ರತಿ ಸದಸ್ಯನ ತಲೆಯ ಮೇಲೆ 184 ಫ್ರಾಂಕ್ ಸಾಲ. ಸಂಘ ಮುಚ್ಚಿತು. ಆದರೂ 1886ರವರೆಗೆ ಒಟ್ಟು ಎಂಟು ಪ್ರದರ್ಶನ ಮಾಡಿದರು.

ಅಷ್ಟರಲ್ಲಿ ಸಲೋಂನ ಬುಡವೇ ಸಡಿಲವಾಗಿತ್ತು. 1881ರಲ್ಲಿ ಸರ್ಕಾರ ಅದರಿಂದ ಕೈ ತೊಳೆದುಕೊಂಡಿತು. 1884ರಲ್ಲಿ ‘ಸ್ವತಂತ್ರರ ಸಲೋಂ’ ಶುರುವಾಯಿತು. ಅದರ ಘೋಷಣೆ: ಆಯ್ಕೆ ಮಂಡಳಿ ಇಲ್ಲ, ಬಹುಮಾನವೂ ಇಲ್ಲ. 1907ರಲ್ಲಿ ಮಾನೆಯ ‘ಒಲಿಂಪಿಯಾ’ ಚಿತ್ರ ಲೂವ್ರ್ ಒಳಗೆ ಹೋಯಿತು. ಅವನು ತೀರಿಕೊಂಡು 24 ವರ್ಷ ಆಗಿತ್ತು.

ಜಗಳ ಅಲ್ಲಿಗೆ ಮುಗಿಯಲಿಲ್ಲ. 1905ರಲ್ಲಿ ‘ಕಾಡುಮೃಗ’ ಎಂದು ಬೈಸಿಕೊಂಡವರಲ್ಲಿ ಮುಖ್ಯನಾದ ಮಾತೀಸ್ 1908ರ ಹೊತ್ತಿಗೆ ‘ಶರತ್ಕಾಲದ ಸಲೋಂ’ ಎಂಬ ಇನ್ನೊಂದು ಪ್ರದರ್ಶನದ ಆಯ್ಕೆ ಮಂಡಳಿಯಲ್ಲಿದ್ದ. ಆ ಮಂಡಳಿ ಜಾರ್ಜ್ ಬ್ರಾಕ್‌ನ ಚಿತ್ರಗಳನ್ನು ತಿರಸ್ಕರಿಸಿತು. ಅವುಗಳಲ್ಲಿ ಮನೆ, ಮರ ಎಲ್ಲ ಸಣ್ಣ ಸಣ್ಣ ಪೆಟ್ಟಿಗೆಗಳಂತೆ ಕಾಣುತ್ತಿದ್ದವು. ಕ್ಯೂಬಿಸಂ ಎಂಬ ಹೆಸರು ಬಂದದ್ದು ಆ ಪೆಟ್ಟಿಗೆಗಳಿಂದ.

1912ರಲ್ಲಿ ಆ ಕ್ಯೂಬಿಸ್ಟರೇ ಸ್ವತಂತ್ರರ ಸಲೋಂನಲ್ಲಿ ಒಂದು ಕೋಣೆ ಹಿಡಿದಿದ್ದರು. 24 ವರ್ಷದ ಮಾರ್ಸೆಲ್ ದ್ಯುಶಾಂ ಮೆಟ್ಟಿಲಿಳಿಯುವ ನಗ್ನ ಆಕೃತಿಯೊಂದರ ಚಿತ್ರ ಕೊಟ್ಟ. ಹೆಸರನ್ನು ಕ್ಯಾನ್ವಾಸಿನ ಮೇಲೆಯೇ ಬರೆದಿದ್ದ. ಕೋಣೆಯವರಿಗೆ ಅದು ತಮ್ಮ ಪಂಥಕ್ಕೆ ಹೊಂದುವುದಿಲ್ಲ ಅನಿಸಿತು. ಕೊನೇಪಕ್ಷ ಹೆಸರನ್ನಾದರೂ ಬದಲಿಸು ಎಂದು ಹೇಳಿಸಲು ಅವನ ಇಬ್ಬರು ಅಣ್ಣಂದಿರನ್ನೇ ಕಳಿಸಿದರು. ದ್ಯುಶಾಂ ತಿರುಗಿ ಏನೂ ಹೇಳಲಿಲ್ಲ. ಕೂಡಲೇ ಅಲ್ಲಿಗೆ ಹೋದ. ಚಿತ್ರವನ್ನು ಗೋಡೆಯಿಂದ ಇಳಿಸಿಕೊಂಡು, ಟ್ಯಾಕ್ಸಿಯಲ್ಲಿ ಮನೆಗೆ ತಂದ.