ಗಿಲೀಟು ಓಲೆ ಆಗದವರಿಗೆ ಇಂಪ್ಲಾಂಟೂ ಆಗಲ್ವಾ?

ಪ್ರಶ್ನೆ: ಗಿಲೀಟು ಓಲೆ ಹಾಕಿದರೆ ನನ್ನ ಕಿವಿ ತುರಿಸಿ ನೀರು ಸೋರುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ತೀರಾ ಕೇಳದವರಿಗೆ ಆಪರೇಷನ್ ಮಾಡಿ ಚರ್ಮದಡಿ ಕೂರಿಸುವ ಸಾಧನ) ಹಾಕಿಸಿಕೊಂಡರೂ ಅಲರ್ಜಿ ಆಗುತ್ತದಾ?

ಉತ್ತರ: ಮತ್ತೆ ಅದೇ ಓಲೆ! ಎಷ್ಟು ಸಲ ಉತ್ತರಿಸಿದ್ದೇನೋ ನನಗೇ ಲೆಕ್ಕವಿಲ್ಲ. ಈ ಸಲ ಬಿಡಿಸಿ ಹೇಳಿಬಿಡುತ್ತೇನೆ.

ಓಲೆಯಿಂದ ತುರಿಕೆ ಬರುವುದು ಹೆಚ್ಚಾಗಿ ನಿಕಲ್‌ನಿಂದ. ಬೆವರು ತಾಗಿದಾಗ ಅದು ಸ್ವಲ್ಪಸ್ವಲ್ಪವೇ ಕರಗಿ ಚರ್ಮಕ್ಕೆ ಇಳಿಯುತ್ತದೆ. ಈಗಿನ ಇಂಪ್ಲಾಂಟಿನ ಡಬ್ಬಿ ಸಾಮಾನ್ಯವಾಗಿ ಟೈಟಾನಿಯಂನದು. ಗಾಳಿ ಸೋಕಿದ ಕೂಡಲೇ ಅದರ ಮೇಲೆ ಆಕ್ಸೈಡಿನ ತೆಳು ಪದರ ಕಟ್ಟಿಕೊಳ್ಳುತ್ತದೆ, ಆಮೇಲೆ ಒಳಗಿನ ಲೋಹ ಹೊರಗೆ ಬರುವುದು ಬಹಳ ಕಡಿಮೆ. ಒಳಕಿವಿಗೆ ವಿದ್ಯುತ್ ಸಂಕೇತ ಮುಟ್ಟಿಸುವ ಎಲೆಕ್ಟ್ರೋಡುಗಳು ಪ್ಲಾಟಿನಂ. ‘ಲೋಹ ಆಗಲ್ಲ’ ಅಂತ ಒಂದೇ ಮಾತಲ್ಲಿ ಹೇಳಿಬಿಟ್ಟರೆ ಹೇಗೆ? ಬೆಕ್ಕು ಮುಟ್ಟಿದರೆ ಸೀನುವವರು ಹಸು ಕಂಡರೂ ಓಡುತ್ತಾರಾ?

ಟೈಟಾನಿಯಂ ಅಲರ್ಜಿ ಇಲ್ಲವೇ ಇಲ್ಲ ಅಂತಲ್ಲ, ಅಪರೂಪ. ತಮಾಷೆ ಏನು ಗೊತ್ತಾ, ಕಾಕ್ಲಿಯರ್ ಇಂಪ್ಲಾಂಟಿಗೆ ಅಲರ್ಜಿ ಆದ ಬೆರಳೆಣಿಕೆಯ ಪ್ರಕರಣಗಳಲ್ಲಿ ವೈದ್ಯರು ಹೆಚ್ಚಾಗಿ ಬೊಟ್ಟು ಮಾಡಿರುವುದು ಲೋಹದ ಕಡೆಗಲ್ಲ, ಅದಕ್ಕೆ ಹೊದಿಸಿರುವ ಮೆತ್ತನೆಯ ಸಿಲಿಕೋನ್ ಕಡೆಗೆ, ಯಾರೂ ಹೆದರದ ವಸ್ತುವಿನ ಕಡೆಗೆ! ಆಪರೇಷನ್ ಆಗಿ ತಿಂಗಳುಗಳಾದ ಮೇಲೂ ಊತ ಇಳಿಯದಿದ್ದರೆ, ಚರ್ಮ ಬಿರಿದು ಸೋರುತ್ತಿದ್ದರೆ, ಸೋರಿದ್ದನ್ನು ಲ್ಯಾಬಿಗೆ ಕೊಟ್ಟರೂ ಯಾವ ರೋಗಾಣುವೂ ಸಿಗದಿದ್ದರೆ, ಆಗ ಅನುಮಾನ ಪಡಬೇಕು. ಮೊದಲು ನೋಡಬೇಕಾದ್ದು ಸೋಂಕನ್ನೇ, ಏಕೆಂದರೆ ಅದೇ ಜಾಸ್ತಿ. ಅಲರ್ಜಿಗೆ ಪ್ಯಾಚ್ ಟೆಸ್ಟ್ ಇದೆ. ಇಂಪ್ಲಾಂಟಿನಲ್ಲಿರುವ ವಸ್ತುಗಳ ಚೂರುಗಳನ್ನೇ ಬೆನ್ನಿಗೆ ಅಂಟಿಸಿ 48 ಗಂಟೆ ಬಿಟ್ಟು ತೆಗೆಯುತ್ತಾರೆ, ಒಂದೆರಡು ದಿನ ಕಳೆದು ಇನ್ನೊಮ್ಮೆ ನೋಡುತ್ತಾರೆ. ಹಿಂದೆ ಸಿಲಿಕೋನ್ ಆಗದೇ ಇದ್ದದ್ದು ನೆನಪಿದ್ದರೆ ಆಪರೇಷನ್‌ಗೆ ಮೊದಲೇ ಬಾಯಿಬಿಟ್ಟು ಹೇಳಿ.

ಇನ್ನು ‘ಅಲರ್ಜಿ ಆಯ್ತು’ ಅಂತ ಗಾಬರಿಯಾಗಿ ಬರುವವರು. ಹೊರಗಿನ ಕಾಯಿಲ್ (ಮ್ಯಾಗ್ನೆಟ್ಟಿನಿಂದ ತಲೆಗೆ ಅಂಟಿಕೊಳ್ಳುವ ದುಂಡನೆ ಬಿಲ್ಲೆ) ತೆಗೆಸಿ ನೋಡಿದರೆ, ಕೂದಲ ನಡುವೆ ಸರಿಯಾಗಿ ಅದರದೇ ಅಳತೆಯ ದುಂಡನೆ ಕೆಂಪು ಗುರುತು. ಅದು ಅಲರ್ಜಿ ಅಲ್ಲ, ಮ್ಯಾಗ್ನೆಟ್ ಬಿಗಿಯಾಗಿ ಒತ್ತಿದ್ದು. ಸ್ವಲ್ಪ ಕಡಿಮೆ ಶಕ್ತಿಯ ಮ್ಯಾಗ್ನೆಟ್ ಹಾಕಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ. ನೋವಿದ್ದರೆ, ಕೆಂಪು ಇಳಿಯದೇ ಇದ್ದರೆ, ಕಾಯಿಲ್ ತೆಗೆದಿಟ್ಟು ಆಸ್ಪತ್ರೆಗೆ ಹೋಗಿ, ಕಾಯಬೇಡಿ.

ಕೇಳದಿದ್ದರೂ ಒಂದು ಹೇಳಿಬಿಡುತ್ತೇನೆ. ಮಾಮೂಲಿ ಹಿಯರಿಂಗ್ ಏಡ್‌ನವರಿಗೆ ಕಿವಿಯೊಳಗೆ ಕೂರುವ ಅಚ್ಚು, ಅಂದರೆ ಮೋಲ್ಡ್, ಅಕ್ರಿಲಿಕ್ ಪ್ಲಾಸ್ಟಿಕ್ಕಿನದಾಗಿದ್ದರೆ ಅದರಿಂದಲೂ ತುರಿಕೆ ಬರಬಹುದು. ತುರಿಕೆ ಅಂತ ಸುಮ್ನೆ ಮನೆಯಲ್ಲಿದ್ದ ಹಳೇ ಡ್ರಾಪ್ಸ್ ಹಾಕಿಕೊಳ್ಳಬೇಡಿ. ಅದರಲ್ಲಿ ನಿಯೋಮೈಸಿನ್ ಅನ್ನುವ ಆಂಟಿಬಯಾಟಿಕ್ ಇದ್ದರೆ, ಎಷ್ಟೋ ಜನರಿಗೆ ಅಲರ್ಜಿ ತರುವುದು ಅದೇ.