ಲ್ಯಾಕ್ರೋಸ್ ಆಟಗಾರನ ಸಂಬಳ: ಆರು ಸಾವಿರವೋ, ಹತ್ತು ಲಕ್ಷವೋ?

ಲ್ಯಾಕ್ರೋಸ್ ಆಡುವವರಿಗೆ ಎಷ್ಟು ದುಡ್ಡು ಸಿಗುತ್ತದೆ ಅಂತ ಹುಡುಕಲು ಹೊರಟರೆ ತಲೆ ಕೆಡುತ್ತದೆ. ಒಂದು ಕಡೆ ವರ್ಷಕ್ಕೆ 6 ಸಾವಿರ ಡಾಲರ್ ಅಂತಿದೆ. ಇನ್ನೊಂದು ಕಡೆ 35 ಸಾವಿರ. ಮತ್ತೊಂದು ಕಡೆ 10 ಲಕ್ಷ. ಮೂರೂ ನಿಜವೇ. ಅದರಲ್ಲೂ ಮೊದಲನೆಯದು ಮತ್ತು ಕೊನೆಯದು ಒಬ್ಬನೇ ಮನುಷ್ಯನ ಲೆಕ್ಕ.

ನಾನು ಇದರ ಬೆನ್ನು ಹತ್ತಿದ್ದು ತಂಗಿಯ ಕಾಟಕ್ಕೆ. ಅವಳಿರುವುದು ಅಮೆರಿಕದ ಮೇರಿಲ್ಯಾಂಡಿನಲ್ಲಿ. ಮಗ ಕ್ರಿಕೆಟ್ ಬಿಟ್ಟು, ತುದಿಗೆ ಬಲೆ ಕಟ್ಟಿದ ಈ ಕೋಲು ಹಿಡಿದಿದ್ದಾನೆ. ಆ ಬಲೆಯಲ್ಲೇ ಚೆಂಡು ಹಿಡಿದು, ಎಸೆದು ಗೋಲು ಹೊಡೆಯುವ ಆಟ ಇದು. ಆ ರಾಜ್ಯದಲ್ಲಿ ಲ್ಯಾಕ್ರೋಸ್ ಹುಚ್ಚು ಜೋರು. 2004ರಲ್ಲಿ ಅದನ್ನು ರಾಜ್ಯದ ಅಧಿಕೃತ ತಂಡದ ಆಟ ಅಂತ ಘೋಷಿಸಿಯೇಬಿಟ್ಟರು. "ಇದ್ರಲ್ಲಿ ಅನ್ನ ಹುಟ್ಟುತ್ತಾ ಅಣ್ಣಾ?" ಎಂದು ಅವಳು ಕೇಳಿದಳು. ಉತ್ತರ ಹೇಳಲು 150 ವರ್ಷ ಹಿಂದಕ್ಕೆ ಹೋಗಬೇಕಾಯಿತು.

ಆಟ ಉತ್ತರ ಅಮೆರಿಕದ ಮೂಲನಿವಾಸಿಗಳದ್ದು. ಹೊರಗಿನವರು ಇರಾಕ್ವಾ ಎಂದು ಕರೆಯುವ ಹೋಡೆನೊಶೋನಿ ಜನರಿಗೆ ಇದು ಸೃಷ್ಟಿಕರ್ತ ಕೊಟ್ಟ ಆಟ. ಕಾಯಿಲೆ ವಾಸಿಯಾಗಲಿ ಅಂತಲೂ ಆಡುತ್ತಿದ್ದರು. 1867ರಲ್ಲಿ ಮಾಂಟ್ರಿಯಲ್‌ನ ದಂತವೈದ್ಯ ಜಾರ್ಜ್ ಬಿಯರ್ಸ್ ಅದಕ್ಕೆ ನಿಯಮಗಳನ್ನು ಬರೆದರು. ಬಿಳಿಯರ ಕ್ಲಬ್ ಪರವಾಗಿ ಮೂಲನಿವಾಸಿ ಆಡಬೇಕಾದರೆ ಎರಡೂ ಕಡೆಯವರು ಮೊದಲೇ ಒಪ್ಪಿರಬೇಕು ಅನ್ನುವುದೂ ಆ ನಿಯಮಗಳಲ್ಲಿ ಒಂದು. ಆಗಿನ ಮೂಲನಿವಾಸಿ ತಂಡಗಳಿಗೆ ಊರೂರು ತಿರುಗಿ ಆಡಲು ಖರ್ಚಿಗೆ ದುಡ್ಡು ಬೇಕಿತ್ತು. ಪಂದ್ಯಕ್ಕಿಷ್ಟು ಅಂತ ತೆಗೆದುಕೊಳ್ಳುತ್ತಿದ್ದರು. 1880ರಲ್ಲಿ ಕೆನಡಾದ ಲ್ಯಾಕ್ರೋಸ್ ಸಂಘ ತನ್ನ ಹೆಸರಿಗೆ "ಹವ್ಯಾಸಿ" ಎಂಬ ಮಾತು ಸೇರಿಸಿಕೊಂಡಿತು. ದುಡ್ಡು ಮುಟ್ಟಿದವರಿಗೆ ಚಾಂಪಿಯನ್‌ಶಿಪ್‌ನಲ್ಲಿ ಜಾಗವಿಲ್ಲ ಎಂದಾಯಿತು. ಆಟ ಕಲಿಸಿದವರೇ ಹೊರಗೆ. ಡಾಕ್ಟರು, ವಕೀಲರು ಸಂಜೆ ಬಂದು ಆಡುವಾಗ "ನಮಗೆ ದುಡ್ಡು ಬೇಡಪ್ಪ" ಅನ್ನುವುದು ಸುಲಭ, ಅಲ್ವಾ?

ಆದರೆ ಆ ಹವ್ಯಾಸದ ಶಪಥ ಬಹಳ ದಿನ ಉಳಿಯಲಿಲ್ಲ. 1901ರಲ್ಲಿ ಕೆನಡಾದ ಗವರ್ನರ್ ಜನರಲ್ ಲಾರ್ಡ್ ಮಿಂಟೋ ಒಂದು ಬೆಳ್ಳಿ ಕಪ್ ಕೊಟ್ಟರು. ನಮ್ಮ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಹೆಸರು ಬಂದದ್ದೂ ಇದೇ ಮಿಂಟೋ ಅವರಿಂದ. ಕೆನಡಾ ಮುಗಿಸಿ ಅವರು ಇಲ್ಲಿಗೆ ವೈಸ್‌ರಾಯ್ ಆಗಿ ಬಂದರು. ಹವ್ಯಾಸಿಗಳಿಗೆಂದು ಕೊಟ್ಟ ಆ ಕಪ್‌ಗಾಗಿ ಹತ್ತೇ ವರ್ಷದಲ್ಲಿ ಸಂಬಳದ ತಂಡಗಳು ಬಡಿದಾಡತೊಡಗಿದವು. ವ್ಯಾಂಕೂವರ್ ತಂಡ ನ್ಯೂಸಿ ಲಲಾಂಡ್ ಎಂಬ ಆಟಗಾರನಿಗೆ ಸೀಸನ್ನಿಗೆ ಸುಮಾರು 5 ಸಾವಿರ ಡಾಲರ್ ಕೊಟ್ಟಿತು. ಚಳಿಗಾಲದಲ್ಲಿ ಐಸ್ ಹಾಕಿ ಆಡಿ ಅವನು ಗಳಿಸುತ್ತಿದ್ದುದಕ್ಕಿಂತ ಇದು ಎಷ್ಟೋ ಪಟ್ಟು ಜಾಸ್ತಿ. ಇವತ್ತಿನ ಬೆಲೆಗೆ ತಿರುಗಿಸಿದರೆ 1 ಲಕ್ಷ ಡಾಲರ್ ದಾಟುತ್ತದೆ. ಅಂದರೆ ನೂರು ವರ್ಷದ ಹಿಂದೆ ಒಬ್ಬ ತಾರೆಗೆ ಸಿಕ್ಕಿದ್ದು, ಇವತ್ತಿನ ಸಾಮಾನ್ಯ ವೃತ್ತಿಪರನ ಕನಸಿಗೂ ಎಟುಕದ ಮೊತ್ತ.

ಆಮೇಲೆ ಮಹಾಯುದ್ಧ ಬಂತು, ಬೇಸ್‌ಬಾಲ್ ಬಂತು, 1931ರಲ್ಲಿ ಬೇಸಿಗೆಯಲ್ಲಿ ಖಾಲಿ ಬೀಳುತ್ತಿದ್ದ ಹಾಕಿ ಅಂಗಣಗಳನ್ನು ತುಂಬಿಸಲು ಒಳಾಂಗಣ ಲ್ಯಾಕ್ರೋಸ್ ಬಂತು, ಲೀಗ್‌ಗಳು ಹುಟ್ಟಿ ಒಂದೆರಡು ವರ್ಷಕ್ಕೆ ಸತ್ತವು. ಅಷ್ಟರಲ್ಲಿ ಅರ್ಧ ಶತಮಾನವೇ ಕಳೆಯಿತು.

ಈ ನಡುವೆ ನಡೆದ ಒಂದು ಸಂಗತಿಯನ್ನು ಮಾತ್ರ ಬಿಡಲಾಗದು. 1968ರವರೆಗೆ ಜಗತ್ತಿನ ಬಹುಪಾಲು ಲ್ಯಾಕ್ರೋಸ್ ಕೋಲುಗಳು ತಯಾರಾಗುತ್ತಿದ್ದುದು ಕೆನಡಾದ ಕಾರ್ನ್‌ವಾಲ್ ದ್ವೀಪದ ಒಂದು ಕಾರ್ಖಾನೆಯಲ್ಲಿ, ಹೋಡೆನೊಶೋನಿಗಳದ್ದೇ ಒಂದು ಪಂಗಡವಾದ ಮೋಹಾಕ್ ಕುಶಲಕರ್ಮಿಗಳ ಕೈಯಲ್ಲಿ. ಹಿಕರಿ ಮರವನ್ನು ಹಬೆಗೆ ಬಗ್ಗಿಸಿ ಮಾಡುತ್ತಿದ್ದರು. ಆ ವರ್ಷ ಕಾರ್ಖಾನೆ ಸುಟ್ಟುಹೋಯಿತು. 1970ಕ್ಕೆ ಪ್ಲಾಸ್ಟಿಕ್ ತಲೆಯ ಕೋಲು ಮಾರುಕಟ್ಟೆಗೆ ಬಂತು. ಆಟದಲ್ಲಿ ಇದ್ದಿದ್ದರಲ್ಲಿ ಗಟ್ಟಿ ಆದಾಯವೆಂದರೆ ಕೋಲಿನ ವ್ಯಾಪಾರ. ಅದೂ ಕೈ ಬದಲಾಯಿಸಿತು.

1987ರಲ್ಲಿ ನಾಲ್ಕು ತಂಡಗಳ ಒಂದು ಒಳಾಂಗಣ ಲೀಗ್ ಶುರುವಾಯಿತು. ಇವತ್ತಿನ ನ್ಯಾಷನಲ್ ಲ್ಯಾಕ್ರೋಸ್ ಲೀಗ್, ಅಂದರೆ ಎನ್‌ಎಲ್‌ಎಲ್, ಅದರಿಂದಲೇ ಬೆಳೆದದ್ದು. ಇಲ್ಲಿ ಪಂದ್ಯಗಳು ಸಾಮಾನ್ಯವಾಗಿ ವಾರಾಂತ್ಯಕ್ಕೆ. ಆಟಗಾರ ಶುಕ್ರವಾರ ಕೆಲಸ ಮುಗಿಸಿ ವಿಮಾನ ಹತ್ತುತ್ತಾನೆ, ಭಾನುವಾರ ರಾತ್ರಿ ವಾಪಸ್. ಸೋಮವಾರ ಬೆಳಿಗ್ಗೆ ಅವನು ಮೇಷ್ಟ್ರು, ಅಗ್ನಿಶಾಮಕ ದಳದವನು ಅಥವಾ ಎಲೆಕ್ಟ್ರಿಷಿಯನ್. ಹೊಸಬರಿಗೆ ಸೀಸನ್ನಿಗೆ 10 ಸಾವಿರ ಡಾಲರ್ ಆಚೀಚೆ, ಹೆಸರು ಮಾಡಿದವರಿಗೆ 30 ಸಾವಿರದ ಆಸುಪಾಸು ಎಂಬ ಮಟ್ಟದಲ್ಲೇ ಬಹಳ ವರ್ಷ ನಡೆಯಿತು. 2007ರ ಅಕ್ಟೋಬರ್‌ನಲ್ಲಿ ಆಟಗಾರರ ಸಂಘಕ್ಕೂ ಲೀಗ್‌ಗೂ ಒಪ್ಪಂದ ಕುದುರದೆ ಇಡೀ ಸೀಸನ್ ರದ್ದು ಅಂತ ಘೋಷಿಸಿದರು. ಕೆಲವೇ ದಿನಕ್ಕೆ ರಾಜಿಯಾಗಿ ಮತ್ತೆ ಶುರು. ಆಟಗಾರರಿಗೆ ಹಿಡಿದು ಕೂರುವಷ್ಟು ಬಲ ಇರಲಿಲ್ಲ, ಮಾಲೀಕರಿಗೆ ಬಿಟ್ಟು ಹೋಗುವಷ್ಟು ಧೈರ್ಯ ಇರಲಿಲ್ಲ.

ಇಷ್ಟೂ ಒಳಾಂಗಣದ ಮಾತು. ಬಯಲಿನ ಆಟದ ದುಡ್ಡಿನ ಕತೆ ಬೇರೆ. ಲೆಕ್ಕ ಗೋಜಲಾಗುವುದೇ ಇಲ್ಲಿ.

2001ರಲ್ಲಿ ಆರು ತಂಡಗಳೊಂದಿಗೆ ಮೇಜರ್ ಲೀಗ್ ಲ್ಯಾಕ್ರೋಸ್, ಎಂಎಲ್‌ಎಲ್, ಶುರುವಾಯಿತು. ಮುಂದೆ ನಿಂತವರು ಟಿವಿಯಲ್ಲಿ ವ್ಯಾಯಾಮ ಹೇಳಿಕೊಟ್ಟು ಹೆಸರಾಗಿದ್ದ ಜೇಕ್ ಸ್ಟೈನ್‌ಫೆಲ್ಡ್. ಜೊತೆಗೆ ಕೋಲು ತಯಾರಿಸುವ ಕಂಪನಿಯ ಯಜಮಾನರೂ ಇದ್ದರು. 2006ಕ್ಕೆ ತಂಡಗಳು ಹತ್ತಾದವು. 2009ಕ್ಕೆ ಮತ್ತೆ ಆರಕ್ಕೆ ಇಳಿದವು. ಡೆನ್ವರ್‌ನಲ್ಲಿ ಜುಲೈ 4ರ ಪಂದ್ಯಕ್ಕೆ 30 ಸಾವಿರ ಜನ ಸೇರಿದ್ದೂ ಉಂಟು, ಬೇರೆ ಕಡೆ ಗ್ಯಾಲರಿ ಭಣಭಣ ಅಂದದ್ದೂ ಉಂಟು. ಬಹುತೇಕರ ಸಂಬಳ 10ರಿಂದ 20 ಸಾವಿರ ಡಾಲರ್. ಹೊಸಬರಿಗೆ ಅದಕ್ಕೂ ಕಡಿಮೆ.

ಎಷ್ಟು ಕಡಿಮೆ ಅಂದರೆ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಾರೆ ಪಾಲ್ ರೇಬಿಲ್ 2008ರಲ್ಲಿ ಎಂಎಲ್‌ಎಲ್ ತಂಡಗಳು ಹೊಸಬರನ್ನು ಆರಿಸಿಕೊಂಡಾಗ ಎಲ್ಲರಿಗಿಂತ ಮೊದಲು ಆಯ್ಕೆಯಾದ ಆಟಗಾರ. ಅಂಥವನಿಗೆ ಮೊದಲ ವರ್ಷ ಸಿಕ್ಕಿದ್ದು ಸುಮಾರು 6 ಸಾವಿರ ಡಾಲರ್. ಹೊಟ್ಟೆಪಾಡಿಗೆ ರಿಯಲ್ ಎಸ್ಟೇಟ್ ಕಂಪನಿಯಲ್ಲಿ ಕೆಲಸ ಮಾಡಿದ. ಸಂಬಳದಿಂದ ಏನೂ ಆಗುವುದಿಲ್ಲ ಅಂತ ಗೊತ್ತಾದ ಮೇಲೆ ತನ್ನನ್ನೇ ಒಂದು ಅಂಗಡಿ ಮಾಡಿಕೊಂಡ. ಕೋಲು, ಶೂ, ಪಾನೀಯದ ಕಂಪನಿಗಳ ಜಾಹೀರಾತು, ಮಕ್ಕಳ ತರಬೇತಿ ಶಿಬಿರ, ಯೂಟ್ಯೂಬ್ ಪಾಠ. ಐದಾರು ವರ್ಷಕ್ಕೆ ಪತ್ರಿಕೆಗಳು ಅವನನ್ನು ಲ್ಯಾಕ್ರೋಸ್‌ನ ಮೊದಲ ಮಿಲಿಯನ್ ಡಾಲರ್ ಆಟಗಾರ ಎಂದು ಬರೆದವು. ಆ ಹತ್ತು ಲಕ್ಷದಲ್ಲಿ ಲೀಗ್ ಕೊಟ್ಟದ್ದು ಚಿಲ್ಲರೆ ಕಾಸು. ಶೀರ್ಷಿಕೆ ಓದಿದ ಅಪ್ಪ-ಅಮ್ಮಂದಿರಿಗೆ ಅದು ಎಲ್ಲಿ ಗೊತ್ತಾಗಬೇಕು?

2018ರ ಅಕ್ಟೋಬರ್‌ನಲ್ಲಿ ರೇಬಿಲ್ ಮತ್ತು ಅವನ ಅಣ್ಣ ಮೈಕ್ ಸೇರಿ ಪ್ರೀಮಿಯರ್ ಲ್ಯಾಕ್ರೋಸ್ ಲೀಗ್, ಪಿಎಲ್‌ಎಲ್, ಘೋಷಿಸಿದರು. ಹಳೆಯ ಲೀಗ್‌ನ ದೊಡ್ಡ ಹೆಸರುಗಳೆಲ್ಲ ಸಾಲಾಗಿ ಈ ಕಡೆ ಬಂದವು. ಅಲಿಬಾಬಾ ಕಂಪನಿಯ ಜೋ ತ್ಸಾಯ್ ಹೂಡಿಕೆದಾರರಲ್ಲಿ ಒಬ್ಬರು. ಅವರು ಯೇಲ್‌ನಲ್ಲಿ ಓದುವಾಗ ಇದೇ ಆಟ ಆಡಿದವರು. ತಂಡಗಳಿಗೆ ಊರೇ ಇರಲಿಲ್ಲ. ನಮ್ಮ ನಾಟಕ ಕಂಪನಿಗಳು ಕ್ಯಾಂಪ್ ಹಾಕುತ್ತಿದ್ದವಲ್ಲ, ಹಾಗೆ ಎಲ್ಲ ತಂಡಗಳೂ ಒಟ್ಟಿಗೆ ವಾರಕ್ಕೊಂದು ನಗರಕ್ಕೆ ಹೋಗಿ ಆಡುತ್ತಿದ್ದವು. ಮೈದಾನದ ಬಾಡಿಗೆ ಉಳಿಯಿತು, ಟಿವಿಗೆ ಅನುಕೂಲವಾಯಿತು. ಉಳಿದ ದುಡ್ಡಲ್ಲಿ ಒಂದಷ್ಟು ಆಟಗಾರರಿಗೆ ಹೋಯಿತು. 2019ರಲ್ಲಿ ಸರಾಸರಿ ಸಂಬಳ 35 ಸಾವಿರ ಡಾಲರ್ ಎಂದು ಪ್ರಚಾರವಾಯಿತು. ಮೇಲೆ ಆರೋಗ್ಯ ವಿಮೆ, ಲೀಗ್‌ನಲ್ಲಿ ಒಂದಿಷ್ಟು ಷೇರು. ಎಂಎಲ್‌ಎಲ್ ಕೂಡ ಒಂದು ತಂಡ ಕೊಡಬಹುದಾದ ಒಟ್ಟು ಸಂಬಳದ ಮಿತಿಯನ್ನು ಮೊದಲಿದ್ದುದರ ಮೇಲೆ ಅರ್ಧಕ್ಕೂ ಹೆಚ್ಚು ಏರಿಸಿತು. ಹದಿನೆಂಟು ವರ್ಷ ಆಗದ್ದು ಪೈಪೋಟಿ ಬಂದ ಎರಡೇ ತಿಂಗಳಲ್ಲಿ ಆಯಿತು. ಆದರೆ ಪೈಪೋಟಿಯೂ ಹೆಚ್ಚು ದಿನ ಇರಲಿಲ್ಲ. ಕೋವಿಡ್ ಬಂತು, 2020ರ ಡಿಸೆಂಬರ್‌ನಲ್ಲಿ ಹಳೆಯ ಲೀಗ್ ಹೊಸದರಲ್ಲಿ ಕರಗಿತು. ಈಗ ಬಯಲಿನ ಆಟಕ್ಕೆ ಸಂಬಳ ಬೇಕೆಂದರೆ ತಟ್ಟಬೇಕಾದ ದೊಡ್ಡ ಬಾಗಿಲು ಒಂದೇ.

35 ಸಾವಿರ ಅಂದರೆ ಆಗಿನ ಲೆಕ್ಕಕ್ಕೆ 25 ಲಕ್ಷ ರೂಪಾಯಿಯ ಹತ್ತಿರ. ಕೇಳಿದರೆ ಪರವಾಗಿಲ್ಲ ಅನಿಸುತ್ತದೆ. ಆದರೆ ಆ ವರ್ಷ ಅಮೆರಿಕದ ಸರ್ಕಾರಿ ಶಾಲೆಯ ಶಿಕ್ಷಕರ ಸರಾಸರಿ ಸಂಬಳ 60 ಸಾವಿರ ಡಾಲರ್ ದಾಟಿತ್ತು. ಹಾಗಾಗಿ ಬೇಸಿಗೆಯಲ್ಲಿ ಪಿಎಲ್‌ಎಲ್, ಚಳಿಗಾಲದಲ್ಲಿ ಎನ್‌ಎಲ್‌ಎಲ್, ನಡುವೆ ಮಕ್ಕಳಿಗೆ ಕೋಚಿಂಗ್ ಅಂತ ಮೂರು ಒಲೆ ಹಚ್ಚಿದವರೂ ಉಂಟು.

ಹೆಣ್ಣುಮಕ್ಕಳ ವಿಚಾರ ಇನ್ನೂ ತೆಳು. 2016ರಲ್ಲಿ ಶುರುವಾದ ಅವರ ಮೊದಲ ಲೀಗ್‌ನಲ್ಲಿ ಆಡಿದವರಿಗೆ ಆರಂಭದಲ್ಲಿ ಸಂಬಳವೇ ಇರಲಿಲ್ಲ. 2025ರ ಫೆಬ್ರವರಿಯಲ್ಲಿ ಪಿಎಲ್‌ಎಲ್ ನೆರಳಿನಲ್ಲಿ ನಾಲ್ಕು ತಂಡಗಳ ಮಹಿಳಾ ಲೀಗ್ ಕಣ್ಣು ಬಿಟ್ಟಿದೆ.

2023ರ ಅಕ್ಟೋಬರ್‌ನಲ್ಲಿ ಮುಂಬೈನಲ್ಲಿ ನಡೆದ ಒಲಿಂಪಿಕ್ ಸಮಿತಿಯ ಸಭೆ 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಲ್ಯಾಕ್ರೋಸ್ ಸೇರಿಸಿತು. ಅದೇ ಮತದಲ್ಲಿ ಕ್ರಿಕೆಟ್ಟೂ ಗೆದ್ದಿದ್ದರಿಂದ ನಮಗೆ ಇದು ಕಾಣಲೇ ಇಲ್ಲ. 1908ರ ನಂತರ ಪದಕಕ್ಕೆ ಆಡುವುದು ಇದೇ ಮೊದಲು. ಹೋಡೆನೊಶೋನಿಗಳಿಗೆ ಸ್ವಂತ ಒಲಿಂಪಿಕ್ ಸಮಿತಿ ಇಲ್ಲ, ಆದ್ದರಿಂದ ಸ್ವಂತ ತಂಡವಾಗಿ ಆಡಲು ನಿಯಮ ಅಡ್ಡ ಬಂದಿದೆ. ಈ ಸಲ ಕಾರಣ ದುಡ್ಡಲ್ಲ, ಕಾಗದ.

ತಂಗಿಗೆ ಇಷ್ಟೂ ಹೇಳಿದೆ. "ಸಂಬಳ ಹಾಳಾಗ್ಲಿ, ಕಾಲೇಜ್ ಫೀಸಾದ್ರೂ ಉಳಿಯುತ್ತಲ್ಲ" ಅಂದಳು. ಆ ಊರಿನ ಅಪ್ಪ-ಅಮ್ಮಂದಿರು ಶಿಬಿರ, ಹೆಲ್ಮೆಟ್, ಪೆಟ್ರೋಲಿಗೆ ಸುರಿಯುವುದು, ಚೆನ್ನಾಗಿ ಆಡಿದರೆ ಕಾಲೇಜು ಸ್ಕಾಲರ್‌ಶಿಪ್ ಕೊಡುತ್ತದೆ ಎಂಬ ಈ ಆಸೆಗೇ. ಅದರ ಲೆಕ್ಕವನ್ನೂ ನೋಡಿದೆ. ಬಹಳ ವರ್ಷ ಕಾಲೇಜು ಕ್ರೀಡೆಯ ಮೊದಲ ದರ್ಜೆಯ ಒಂದು ಪುರುಷರ ತಂಡಕ್ಕೆ ಕೊಡಬಹುದಾಗಿದ್ದದ್ದು ಒಟ್ಟು 12.6 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ದುಡ್ಡು. ತಂಡದಲ್ಲಿ ಇರುತ್ತಿದ್ದ ಹುಡುಗರು ನಲವತ್ತಕ್ಕೂ ಮೇಲೆ. ಹಾಗಾಗಿ ಒಬ್ಬೊಬ್ಬರಿಗೂ ಸಿಗುತ್ತಿದ್ದದ್ದು ತುಂಡು. 2025ರಿಂದ ಆ ಮಿತಿ ಸಡಿಲವಾಗಿದೆ, ಆದರೆ ಕಾಲೇಜು ಕೊಡಲೇಬೇಕು ಅಂತೇನಿಲ್ಲ. ಇದನ್ನು ಹೇಳಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೋದ ವರ್ಷ ಮಗನ ಆಟಕ್ಕೆ ಆದ ಖರ್ಚನ್ನು ಫೋನಿನಲ್ಲೇ ಕೂಡಿಸತೊಡಗಿದಳು.